ಒಣಗಿದ್ದಕ್ಕೆ ಶಾಸನ, ಹಸಿ ಸೊಪ್ಪಿಗೆ ನೆನಪು

ಕಳೆದ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಅಕ್ಕನ ಮಗ ಪರದೇಶದಿಂದ ಬಂದಿದ್ದ. ಎಲ್ಲರಿಗೂ ಒಂದೊಂದು ಉಡುಗೊರೆ. ಅಡುಗೆಯ ಹುಚ್ಚಿರುವ ನನಗೆ ಸಿಕ್ಕಿದ್ದು ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಪುಟ್ಟ ಗಾಜಿನ ಶೀಶೆ. ಒಳಗೆ ಪುಡಿಪುಡಿಯಾದ ಹಸಿರು ಎಲೆ, ಮೇಲೆ 'ಚರ್ವಿಲ್' ಎಂಬ ಚೀಟಿ. ಯುರೋಪಿನ ಅಡುಗೆ ಪುಸ್ತಕಗಳಲ್ಲಿ ಹೆಸರು ಓದಿದ್ದೆ, ಕಣ್ಣಿಂದ ನೋಡಿದ್ದು ಅದೇ ಮೊದಲು. ಅದನ್ನು ಚೀಲದಲ್ಲಿಟ್ಟುಕೊಂಡು ಸೊರಬ ಸೀಮೆಯ ದೊಡ್ಡಮ್ಮನ ಮನೆಗೆ ಹೋದೆ. ಸೊಪ್ಪಿನ ವಿಚಾರದಲ್ಲಿ ನಮ್ಮ ಮನೆತನಕ್ಕೆಲ್ಲ ಕೊನೆಯ ತೀರ್ಪು ಅವಳದು.

ದೊಡ್ಡಮ್ಮ ಶೀಶೆಯ ಮುಚ್ಚಳ ತೆಗೆದು ಒಂದು ಚಿಟಿಕೆ ಅಂಗೈಗೆ ಹಾಕಿಕೊಂಡಳು. ಹೆಬ್ಬೆರಳಿನಿಂದ ತಿಕ್ಕಿದಳು, ಮೂಸಿದಳು, ನಾಲಿಗೆಗೂ ಹಚ್ಚಿಕೊಂಡಳು. "ಇದ್ರಲ್ಲಿ ವಾಸ್ನೆನೇ ಇಲ್ವಲ್ಲೋ. ಇಷ್ಟು ದೂರ ಇದನ್ನ ಯಾಕೆ ಹೊತ್ಕೊಂಡು ಬಂದ ಆ ಹುಡ್ಗ?" ಎಂದಳು. ಆಮೇಲೆ ಅಡುಗೆಮನೆಯ ಗೂಡಿನಿಂದ ಹಳೆಯ ಡಬ್ಬಿಯೊಂದನ್ನು ತಂದು ನನ್ನ ಮೂಗಿನ ಕೆಳಗೆ ಹಿಡಿದಳು. ಕಲ್ಲುಹೂವು. ಬೂದುಬಣ್ಣದ, ಸುಕ್ಕುಸುಕ್ಕಾದ, ನೋಡಿದರೆ ಕಸ ಎಂದು ಗುಡಿಸಿ ಹಾಕುವಂಥದ್ದು. ಎರಡು ಚೂರನ್ನು ಬಿಸಿ ಎಣ್ಣೆಗೆ ಬಿಟ್ಟಳು. ಮನೆಯೆಲ್ಲ ಘಮ್ಮೆಂದಿತು. "ಒಣಗಿಸೋದು ಅಂದ್ರೆ ಇಂಥದ್ನ. ಸೊಪ್ಪು ಒಣಗ್ಸಿದ್ರೆ ಸೊಪ್ಪು ಸತ್ತೋಗುತ್ತೆ."

ಅವಳು ಹೇಳಿದ್ದು ಅಡುಗೆಯ ಮಾತು. ಶಾಸನ ಸಂಪುಟಗಳನ್ನು ತಿರುವಿಹಾಕುವ ಚಟವಿರುವ ನನಗೆ ಅದು ಚರಿತ್ರೆಯ ಮಾತಾಗಿಯೂ ಕೇಳಿಸಿತು. ಒಣಗಿದ ಮೇಲೂ ಪರಿಮಳ ಉಳಿಸಿಕೊಳ್ಳುವ ವಸ್ತುಗಳಿವೆ, ಒಣಗಿದೊಡನೆ ಕಳೆದುಕೊಳ್ಳುವ ವಸ್ತುಗಳಿವೆ. ಶಿಕಾರಿಪುರ ಮತ್ತು ಸೊರಬದ ಸಾವಿರ ವರ್ಷಗಳ ದಾಖಲೆಯಲ್ಲಿ ಇವುಗಳಲ್ಲಿ ಯಾವುದಕ್ಕೆ ಜಾಗ ಸಿಕ್ಕಿದೆ? ಆ ಪ್ರಶ್ನೆಯ ಬೆನ್ನು ಹತ್ತಿ ಬರೆದದ್ದು ಈ ಲೇಖನ.

ಮೊದಲು ಚರ್ವಿಲ್‌ನ ಪರಿಚಯ. ಎಲೆ ನೋಡಲು ನಮ್ಮ ಕೊತ್ತಂಬರಿಗಿಂತ ಸೂಕ್ಷ್ಮ, ಗಜ್ಜರಿಯ ಎಲೆಯ ಹಾಗೆ ಸೀಳುಸೀಳು. ವಾಸನೆ ಸೋಂಪಿನದು, ಆದರೆ ಸೋಂಪಿನ ಗಡಸುತನವಿಲ್ಲ. ತಂಪು ಹವೆಯ ಗಿಡ. ಬಿಸಿಲು ಏರಿದರೆ ಎಲೆ ಬಿಡುವುದನ್ನು ಬಿಟ್ಟು ಹೂವಿಗೆ ಓಡುತ್ತದೆ. ಫ್ರೆಂಚರು ಪಾರ್ಸ್ಲಿ, ಟ್ಯಾರಗನ್, ಚೈವ್ಸ್ ಜೊತೆ ಇದನ್ನೂ ಸಣ್ಣಗೆ ಹೆಚ್ಚಿ ಮೊಟ್ಟೆ, ಮೀನಿನ ಅಡುಗೆಗೆ ಉದುರಿಸುತ್ತಾರೆ. ಜರ್ಮನಿಯಲ್ಲಿ ಈಸ್ಟರ್‌ಗೆ ಮುಂಚಿನ ಗುರುವಾರ ಹಸಿರು ಸೊಪ್ಪಿನ ಸಾರು ಮಾಡುವ ವಾಡಿಕೆಯಿದೆ, ಅದರಲ್ಲಿ ಚರ್ವಿಲ್‌ನದು ಹಳೆಯ ಸ್ಥಾನ. ಚಳಿಗಾಲ ಕಳೆದು ನೆಲದಿಂದ ಮೊದಲು ಏಳುವ ಹಸಿರುಗಳಲ್ಲಿ ಅದೂ ಒಂದು. ಎಲ್ಲ ಕಡೆಯೂ ನಿಯಮ ಒಂದೇ: ಒಲೆ ಆರಿಸುವ ಹೊತ್ತಿಗೆ ಹಾಕಬೇಕು, ಕುದಿಸಬಾರದು.

ಸಸ್ಯಶಾಸ್ತ್ರದ ಲೆಕ್ಕದಲ್ಲಿ ಚರ್ವಿಲ್ ನಮಗೆ ದೂರದ್ದಲ್ಲ. ಏಪಿಯೇಸಿ ಎಂಬ ಅದರ ಕುಟುಂಬದಲ್ಲಿ ಕೊತ್ತಂಬರಿ, ಜೀರಿಗೆ, ಸೋಂಪು, ಓಮ, ಸಬ್ಬಸಿಗೆ, ಗಜ್ಜರಿ ಎಲ್ಲವೂ ಇವೆ. ಅಫ್ಘಾನಿಸ್ತಾನ, ಇರಾನ್ ಕಡೆಯಿಂದ ಬರುವ ಇಂಗು ಇದೇ ಕುಟುಂಬದ ಗಿಡದ ಅಂಟು. ನಮ್ಮ ಬಾವಿಕಟ್ಟೆಯ ಪಕ್ಕದ ಒಂದೆಲಗವೂ ಇದೇ ಬಳಗದ್ದು. ಹಾಗಾಗಿ ದೊಡ್ಡಮ್ಮನ ಅಂಗೈಯಲ್ಲಿದ್ದ ಆ ಪುಡಿ, ಅವಳ ಹಿತ್ತಿಲ ಒಂದೆಲಗಕ್ಕೆ ದೂರದ ದಾಯಾದಿ.

ಈ ಕುಟುಂಬದಲ್ಲೇ ಒಣಗುವಿಕೆಯ ಗುಟ್ಟು ಬಯಲಾಗುತ್ತದೆ. ಕೊತ್ತಂಬರಿಯ ಬೀಜವನ್ನು ವರ್ಷಗಟ್ಟಲೆ ಇಡಬಹುದು. ಈಜಿಪ್ಟಿನ ದೊರೆ ತುತಾಂಖಾಮುನ್‌ನ ಸಮಾಧಿಯಲ್ಲೂ ಕೊತ್ತಂಬರಿ ಬೀಜ ಸಿಕ್ಕಿದೆ. ಪಾಣಿನಿಯ ವ್ಯಾಕರಣ ಸೂತ್ರವೊಂದರಲ್ಲಿ 'ಕುಸ್ತುಂಬುರು' ಎಂಬ ಅದರ ಹೆಸರು ಬರುತ್ತದೆ. ಅಷ್ಟು ದೀರ್ಘಾಯುಷಿ ಗಿಡದ ಎಲೆಯನ್ನು ಮಾತ್ರ ಮೂರು ದಿನ ನೆರಳಲ್ಲಿ ಒಣಗಿಸಿ ನೋಡಿ, ಹುಲ್ಲಿನ ವಾಸನೆ ಬರುತ್ತದೆ. ಬೀಜ ಎಂದು ನಾವು ಕರೆಯುವ ಆ ಕಾಯಿಯ ಸಿಪ್ಪೆಯೊಳಗೆ ಎಣ್ಣೆಯ ಸಣ್ಣ ಕೊಳವೆಗಳಿವೆ, ಅವು ಮುಚ್ಚಿಕೊಂಡೇ ಇರುತ್ತವೆ. ಹಾಗಾಗಿ ಒಡೆದಾಗ, ಹುರಿದಾಗ ಮಾತ್ರ ಘಮ ಬಿಡುತ್ತದೆ. ಎಲೆಯ ಪರಿಮಳದ ಅಂಶಗಳು ಬೇರೆ, ಬೇಗ ಹಾರಿಹೋಗುವಂಥವು. ನೀರು ಆರುವ ದಾರಿಯಲ್ಲೇ ಅವೂ ಹೊರಡುತ್ತವೆ. ಚರ್ವಿಲ್‌ನದು ಇನ್ನೂ ತೆಳುವಾದ ಎಲೆ, ಅದರ ನಷ್ಟವೂ ಅಷ್ಟೇ ದೊಡ್ಡದು.

ಮಲೆನಾಡಿನ ಮನೆಗಳ ಅಟ್ಟ ಹತ್ತಿ ನೋಡಿದರೆ ಈ ವಿಜ್ಞಾನ ಅಲ್ಲಿ ಯಾವಾಗಲೋ ಇತ್ಯರ್ಥವಾಗಿರುವುದು ಕಾಣುತ್ತದೆ. ಉಪ್ಪಾಗೆಯ ಸಿಪ್ಪೆ, ವಾಟೆಹುಳಿಯ ಹೋಳು, ಮಾವಿನ ಹೋಳು, ಮುರುಗಲು ಸಿಪ್ಪೆ, ಬೆಟ್ಟದ ನೆಲ್ಲಿ, ಕಾಳುಮೆಣಸು, ಬಾಳಕದ ಮೆಣಸು. ಹುಳಿಗೆ ಕಾರಣವಾದ ಆಮ್ಲಗಳು ಗಾಳಿಗೆ ಹಾರುವುದಿಲ್ಲ, ಕಾಳುಮೆಣಸಿನ ಖಾರವೂ ಹಾರುವುದಿಲ್ಲ. ಆರು ತಿಂಗಳ ಮಳೆಗೆ ಬೇಕಾದದ್ದನ್ನು ಬಿಸಿಲಲ್ಲಿ, ಒಲೆಯ ಹೊಗೆಯಲ್ಲಿ ಒಣಗಿಸಿ ಕಾಪಿಡುವ ಹೆಂಗಸರು, ಏನನ್ನು ಅಟ್ಟಕ್ಕೇರಿಸಬೇಕು ಮತ್ತು ಏನನ್ನು ಏರಿಸಬಾರದು ಎಂದು ತಲೆಮಾರುಗಳಿಂದ ವಿಂಗಡಿಸಿದ್ದಾರೆ. ಅಡುಗೆಯ ಸೊಪ್ಪು ಆ ಅಟ್ಟದಲ್ಲಿ ಎಲ್ಲೂ ಇಲ್ಲ.

ಇನ್ನು ಅಟ್ಟದಿಂದ ಇಳಿದು ಶಾಸನಗಳ ಕಡೆಗೆ. ಬಿ. ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ 7ನೇ ಸಂಪುಟದಲ್ಲಿ ಶಿಕಾರಿಪುರ ತಾಲೂಕಿನ ಶಾಸನಗಳಿವೆ, 8ನೇ ಸಂಪುಟದಲ್ಲಿ ಸೊರಬದವು. ಶಿಕಾರಿಪುರ ತಾಲೂಕೆಂದರೆ ಸಾಮಾನ್ಯ ಜಾಗವಲ್ಲ. ತಾಳಗುಂದದ ಕಂಬ ಶಾಸನ ಅಲ್ಲಿಯದು. ಕದಂಬ ವಂಶಕ್ಕೆ ಮನೆಯ ಹತ್ತಿರ ಬೆಳೆಸಿದ ಒಂದು ಮರದಿಂದ ಹೆಸರು ಬಂತೆಂದು ಹೇಳುವ ಶಾಸನ ಅದು. ಅಕ್ಕಮಹಾದೇವಿಯ ಉಡುತಡಿ, ಅಲ್ಲಮನ ಬಳ್ಳಿಗಾವಿ ಇರುವುದೂ ಇದೇ ತಾಲೂಕಿನಲ್ಲಿ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬಳ್ಳಿಗಾವಿ ಬನವಾಸಿ ಹನ್ನೆರಡು ಸಾವಿರ ಪ್ರಾಂತ್ಯದ ರಾಜಧಾನಿ. ಮಠಗಳು, ಬಸದಿಗಳು, ಬೌದ್ಧ ವಿಹಾರ, ಪೇಟೆ ಎಲ್ಲವೂ ಇದ್ದ ಪಟ್ಟಣ.

ಈ ತಾಲೂಕಿನ 11ನೇ ಶತಮಾನದ ಒಂದು ಶಾಸನ ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘವನ್ನು ಬಹಳ ಹೆಮ್ಮೆಯಿಂದ ವರ್ಣಿಸುತ್ತದೆ. ಚೇರ, ಚೋಳ, ಪಾಂಡ್ಯ ಮೊದಲಾದ ದೇಶಗಳನ್ನು ಸುತ್ತುವವರು ಅವರು. ಅವರು ಮಾರುವ ಸರಕಿನ ಪಟ್ಟಿಯಲ್ಲಿ ಆನೆ, ಕುದುರೆ, ರತ್ನಗಳ ಜೊತೆಗೆ ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ, ಕುಂಕುಮಕೇಸರಿ ಬರುತ್ತವೆ. ಕನ್ನಡ ನಾಡಿನ ವ್ಯಾಪಾರದ ಚರಿತ್ರೆ ಬರೆದವರೆಲ್ಲ ಎತ್ತಿ ಹೇಳುವ ಶಾಸನ ಇದು. ನಾನೂ ಎಷ್ಟೋ ಸಲ ಓದಿದ್ದೆ. ದೊಡ್ಡಮ್ಮನ ಕಲ್ಲುಹೂವಿನ ಘಮ ಕುಡಿದು ಬಂದ ಮೇಲೆ ಮತ್ತೆ ಓದಿದಾಗ ಬೇರೆ ಏನೋ ಕಂಡಿತು. ಆ ಪಟ್ಟಿಯ ಒಂದೊಂದು ಪರಿಮಳವೂ ಒಣಗಿದ್ದು. ಕತ್ತೆ, ಎತ್ತಿನ ಬೆನ್ನ ಮೇಲೆ ತಿಂಗಳುಗಟ್ಟಲೆ ಹೋದರೂ ಕೆಡದಂಥದ್ದು. ದೂರ ಹೋಗಬಲ್ಲದ್ದಕ್ಕೆ ಬೆಲೆ, ಬೆಲೆಯಿದ್ದದ್ದಕ್ಕೆ ಸುಂಕ, ಸುಂಕವಿದ್ದದ್ದಕ್ಕೆ ಶಾಸನ.

ಅದೇ ಬಳ್ಳಿಗಾವಿಯ ಕೋಡಿಮಠದ ಶಾಸನ 1162ರದು. ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕಾಳಾಮುಖರ ಮಠ. ವೇದಗಳು, ವ್ಯಾಕರಣ, ಕಾವ್ಯ, ದರ್ಶನಗಳ ಪಾಠ ನಡೆಯುತ್ತಿತ್ತು. ಬಡವರಿಗೆ, ದಿಕ್ಕಿಲ್ಲದವರಿಗೆ, ಕುರುಡರಿಗೆ, ಕುಂಟರಿಗೆ, ಕಿವುಡರಿಗೆ, ಹಾಡುವವರಿಗೆ, ಕುಣಿಯುವವರಿಗೆ ಅಲ್ಲಿ ಅನ್ನ ಸಿಗುತ್ತಿತ್ತು. ರೋಗಿಗಳಿಗೆ ಮದ್ದೂ ದೊರೆಯುತ್ತಿತ್ತು. ಎಂಟುನೂರೈವತ್ತು ವರ್ಷ ಹಿಂದೆ ಒಂದು ಮಠದ ಬಾಗಿಲು ಎಷ್ಟು ಅಗಲವಾಗಿತ್ತು ಎಂಬುದಕ್ಕೆ ಇಂಥ ಸಾಕ್ಷಿ ಅಪರೂಪ. ಊಟವಿತ್ತು ಎಂದು ಕಲ್ಲು ಹೇಳುತ್ತದೆ. ಆ ಊಟದಲ್ಲಿ ಅನ್ನದ ಜೊತೆ ಏನಿತ್ತು ಎಂಬುದಕ್ಕೆ ಅದು ಬಾಯಿ ಬಿಡುವುದಿಲ್ಲ. ಇಷ್ಟು ಜನಕ್ಕೆ ದಿನವೂ ಬಡಿಸುವ ಅಡುಗೆಮನೆಗೆ ಕೆರೆದಂಡೆಯ, ಹಿತ್ತಿಲ, ಬೇಲಿಯ ಸೊಪ್ಪು ಬಾರದೆ ಇದ್ದೀತೇ? ನನಗೆ ಹಾಗನ್ನಿಸುವುದಿಲ್ಲ. ಆದರೆ ದತ್ತಿ ಬಿಡುವುದು ಗದ್ದೆಗೆ, ತೋಟಕ್ಕೆ, ಸುಂಕದ ಆದಾಯಕ್ಕೆ. ಬಿಟ್ಟಿ ಸಿಗುವ ಸೊಪ್ಪಿಗೆ ಯಾರೂ ದತ್ತಿ ಬಿಡುವುದಿಲ್ಲ.

ಪರಿಮಳದ ವಿಚಾರದಲ್ಲಿ ಶಾಸನಕ್ಕಿಂತ ಕಾವ್ಯ ಉದಾರ. 941ರ ಸುಮಾರಿಗೆ 'ವಿಕ್ರಮಾರ್ಜುನ ವಿಜಯ' ಬರೆದ ಪಂಪ ಬನವಾಸಿಯನ್ನು ನೆನೆಯುವಾಗ ಅವನ ಮನಸ್ಸಿಗೆ ಬರುವುದು ಗಾಳಿ ಮತ್ತು ಮಲ್ಲಿಗೆ. ಎರಡೂ ಮೂಟೆ ಕಟ್ಟಲಾಗದವು. ಉಳಿಯದ ಪರಿಮಳಕ್ಕೆ ಕವಿಯೊಬ್ಬ ಸಿಕ್ಕಿದ್ದು ಅದರ ಭಾಗ್ಯ. ಮಲ್ಲಿಗೆಗೆ ಪಂಪ ಸಿಕ್ಕ, ಒಂದೆಲಗಕ್ಕೆ ಸಿಗಲಿಲ್ಲ.

ಅಡುಗೆಯ ಗ್ರಂಥಗಳು ಇಲ್ಲವೇ ಎಂದು ನೀವು ಕೇಳಬಹುದು. ಇವೆ, ಕನ್ನಡಿಗರು ಆ ವಿಷಯದಲ್ಲಿ ಶ್ರೀಮಂತರೇ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ಬರೆದ 'ಲೋಕೋಪಕಾರ' ಕನ್ನಡದ್ದೇ ಗ್ರಂಥ. ಜ್ಯೋತಿಷ, ವಾಸ್ತು, ನೀರು, ಗಿಡಮರಗಳ ಜೊತೆ ಸುಗಂಧಕ್ಕೂ ಸೂಪಶಾಸ್ತ್ರಕ್ಕೂ ಅದರಲ್ಲಿ ಪ್ರತ್ಯೇಕ ಜಾಗವಿದೆ. ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' ಸುಮಾರು 1130ರದು, ಸಂಸ್ಕೃತದ್ದು. ಅದರ ಅನ್ನಭೋಗದ ಭಾಗ ಅರಮನೆಯ ಊಟವನ್ನು ಬಾಯಲ್ಲಿ ನೀರೂರುವಂತೆ ಹೇಳುತ್ತದೆ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ವಾರ್ಧಕ ಷಟ್ಪದಿಯಲ್ಲಿ 'ಸೂಪಶಾಸ್ತ್ರ' ಬರೆದ. ಸೊರಬದ ನೆರೆಯ ಕೆಳದಿಯ ಅರಸ ಬಸವಪ್ಪ ನಾಯಕ 1709ರಲ್ಲಿ ಮುಗಿಸಿದ 'ಶಿವತತ್ತ್ವ ರತ್ನಾಕರ'ವೆಂಬ ಸಂಸ್ಕೃತ ವಿಶ್ವಕೋಶದಲ್ಲೂ ಅಡುಗೆಮನೆ, ಪಾತ್ರೆ, ಪಾಕಗಳ ವಿವರವಿದೆ.

ಇವನ್ನು ಬರೆದವರು ಅರಸರು, ಅರಸರ ಆಶ್ರಯದಲ್ಲಿದ್ದವರು, ಪಾಳೆಯಗಾರ ಮನೆತನದವರು. ಅವರ ಅಡುಗೆಯಲ್ಲಿ ಇಂಗು, ಜೀರಿಗೆ, ಕೊತ್ತಂಬರಿ, ಶುಂಠಿ, ಮೆಣಸು, ಕರ್ಪೂರಗಳಿಗೆ ದೊಡ್ಡ ಕೈ. ಇಲ್ಲಿ ಮೆಣಸೆಂದರೆ ಕಾಳುಮೆಣಸು, ಮೆಣಸಿನಕಾಯಿ ಈ ದೇಶಕ್ಕೆ ಬಂದದ್ದು ಪೋರ್ಚುಗೀಸರ ಹಡಗು ಬಂದ ಮೇಲೆ. ಬದನೆ, ಬಾಳೆ, ಹಲಸುಗಳಿಗೂ ಮರ್ಯಾದೆಯಿದೆ. ಆದರೆ ನಾನು ಓದಿದ ಮಟ್ಟಿಗೆ, ಆರಿದ್ರಾ ಮಳೆಗೆ ಯಾವ ಕುಡಿ ಚಿಗುರುತ್ತದೆ, ಅದನ್ನು ಎಷ್ಟು ಎಳೆಯದಿದ್ದಾಗ ಚಿವುಟಬೇಕು, ಯಾರಿಗೆ ಹಾಕಬೇಕು, ಯಾರಿಗೆ ಹಾಕಬಾರದು ಎಂಬ ಲೆಕ್ಕ ಅವುಗಳಲ್ಲಿ ಇಲ್ಲ. ಅರಮನೆಯ ಅಡುಗೆಯವನಿಗೆ ಅದು ಬೇಕಿರಲಿಲ್ಲ. ಅದು ಬೇಕಿದ್ದವರ ಕೈಯಲ್ಲಿ ಕಂಠ ಇರಲಿಲ್ಲ.

ಯುರೋಪಿನಲ್ಲಿ ಚರ್ವಿಲ್‌ಗೆ ಹೀಗಾಗಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಗ್ರೀಕರು ಕೊಟ್ಟ ಹೆಸರಿಗೆ ಹಿಗ್ಗಿನ ಎಲೆ ಎಂಬ ಅರ್ಥ. ರೋಮನ್ನರು ಅದನ್ನು ಬಲ್ಲವರಾಗಿದ್ದರು. 800ರ ಆಸುಪಾಸಿನಲ್ಲಿ, ಫ್ರಾಂಕರ ದೊರೆ ಶಾರ್ಲಮೇನ್‌ನ ಕಾಲದಲ್ಲಿ, ಅರಸನ ಜಮೀನುಗಳನ್ನು ಹೇಗೆ ನಡೆಸಬೇಕೆಂಬ ಒಂದು ಆಜ್ಞಾಪತ್ರ ಹೊರಟಿತು. ಅದರ ಕೊನೆಯಲ್ಲಿ ಅರಮನೆಯ ಕೈದೋಟಗಳಲ್ಲಿ ಬೆಳೆಯಲೇಬೇಕಾದ 70ಕ್ಕೂ ಹೆಚ್ಚು ಗಿಡಗಳ ಪಟ್ಟಿಯಿದೆ. ಕೊತ್ತಂಬರಿ, ಜೀರಿಗೆಗಳ ಜೊತೆ ಚರ್ವಿಲ್ ಹೆಸರೂ ಅಲ್ಲಿದೆ. ಆಗ ನಮ್ಮಲ್ಲಿ ರಾಷ್ಟ್ರಕೂಟರ ಮೂರನೆಯ ಗೋವಿಂದ ಆಳುತ್ತಿದ್ದ. ಒಣಗಿದರೆ ಕೆಲಸಕ್ಕೆ ಬಾರದ, ಪೇಟೆಗೆ ಹೋಗದ ಒಂದು ಎಳೆಯ ಎಲೆ ದಾಖಲೆಗೆ ಬಂದದ್ದು ಯಾರೋ ಒಬ್ಬ ಗುಮಾಸ್ತ ಕೈದೋಟವನ್ನೂ ಬರೆದಿಡಲು ಯೋಗ್ಯ ಎಂದು ಎಣಿಸಿದ್ದರಿಂದ. ಹಸಿ ಸೊಪ್ಪಿಗೆ ಚರಿತ್ರೆಯಲ್ಲಿ ಜಾಗವಿಲ್ಲ ಎಂಬುದು ಪ್ರಕೃತಿ ನಿಯಮವೇನಲ್ಲ. ಬರೆಯುವವರು ಇರಬೇಕಷ್ಟೆ.

ಈಗ ಸೊರಬಕ್ಕೆ ಬರೋಣ. ಊರಿನ ಹೆಸರಿನ ಮೂಲ 'ಸುರಭಿ' ಎನ್ನುತ್ತಾರೆ. ರಂಗನಾಥನ ಮೂರ್ತಿಯ ಮೇಲೆ ಹಾಲು ಸುರಿಸಿದ ಹಸುವಿನ ಐತಿಹ್ಯ ಅದರ ಹಿಂದಿದೆ. ಸುರಭಿ ಎಂದರೆ ಸುವಾಸನೆ ಎಂಬ ಅರ್ಥವೂ ಉಂಟು. ಊರಿಗೆ ಆ ಅರ್ಥವೂ ಒಪ್ಪುತ್ತದೆ. ಸೊರಬ, ಸಾಗರಗಳ ಗುಡಿಗಾರರ ಶ್ರೀಗಂಧದ ಕೆತ್ತನೆ ಲೋಕಪ್ರಸಿದ್ಧ. ಗಂಧದ ಪರಿಮಳ ಇರುವುದು ಮರದ ತಿರುಳಿನಲ್ಲಿ, ಕಡಿದು ನೂರು ವರ್ಷವಾದರೂ ಉಜ್ಜಿದರೆ ಬರುತ್ತದೆ. ಇಂಥ ವಸ್ತುವಿಗೆ ಒಡೆಯ ಹುಟ್ಟಿಕೊಳ್ಳದೆ ಇರುತ್ತಾನೆಯೇ? 1792ರಲ್ಲಿ ಟಿಪ್ಪು ಸುಲ್ತಾನ್ ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದ. ಮುಂದೆ ಮೈಸೂರು ಸರ್ಕಾರವೂ ಆ ಹಕ್ಕನ್ನು ಬಿಡಲಿಲ್ಲ.

ಕಾಳುಮೆಣಸಿನ ಕತೆಯೂ ಅದೇ. ಘಟ್ಟದ ಕೆಳಗಿನ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಕೆಳದಿಯ ನಾಯಕರು ಅದೇ ಪೋರ್ಚುಗೀಸರೊಡನೆ ಮೆಣಸು, ಅಕ್ಕಿಗಳ ವ್ಯಾಪಾರಕ್ಕಾಗಿ ಜಗಳವನ್ನೂ ಆಡಿದರು, ಒಪ್ಪಂದವನ್ನೂ ಮಾಡಿಕೊಂಡರು. ಕರಾವಳಿಯ ಬಂದರಿಗೆ ಹೋದ ಆ ಮೆಣಸಿನಲ್ಲಿ ಘಟ್ಟದ ಮೇಲಿನ ಕಾನುಗಳ ಪಾಲೂ ಇತ್ತು.

ಕಾನು ಎಂದರೆ ಬರಿಯ ಕಾಡಲ್ಲ. ಸೊರಬದ ಸುತ್ತ ಎಲೆ ಉದುರುವ ಕಾಡು, ಹುಲ್ಲುಗಾವಲು, ಗದ್ದೆಗಳ ನಡುವೆ ದ್ವೀಪಗಳ ಹಾಗೆ ಉಳಿದಿದ್ದ ನಿತ್ಯಹಸಿರು ತೋಪುಗಳು ಅವು. ಒಳಗೆ ದೇವರಿದ್ದಾನೆ ಅಥವಾ ಚೌಡಿಯಿದ್ದಾಳೆ. ಕೊಡಲಿ ಹಾಕುವಂತಿಲ್ಲ. ಆದರೆ ಮೆಣಸಿನ ಬಳ್ಳಿ ಹಬ್ಬಿಸಬಹುದು, ದಾಲ್ಚಿನ್ನಿ ಎಲೆ, ರಾಮಪತ್ರೆ, ಉಪ್ಪಾಗೆ, ಜೇನು ತರಬಹುದು, ಬೈನೆ ಮರದಿಂದ ಹೆಂಡ ಇಳಿಸಬಹುದು. ಕಾನಿನ ಬುಡದಲ್ಲಿ ಹುಟ್ಟಿದ ನೀರು ಕೆಳಗಿನ ಗದ್ದೆ, ತೋಟಗಳಿಗೆ ಹರಿಯುತ್ತದೆ. 1868ರಲ್ಲಿ ಡೈಟ್ರಿಚ್ ಬ್ರಾಂಡಿಸ್ ಮತ್ತು ಗ್ರ್ಯಾಂಟ್ ಎಂಬ ಅಧಿಕಾರಿಗಳು ಸೊರಬ ತಾಲೂಕಿನ ಕಾನುಗಳ ಬಗ್ಗೆಯೇ ಒಂದು ಜಂಟಿ ವರದಿ ಬರೆದರು. ಈ ಒಂದೇ ತಾಲೂಕಿನಲ್ಲಿ ನೂರಕ್ಕೂ ಮಿಕ್ಕಿದ ಕಾನುಗಳಿದ್ದವು.

ವರದಿ ಬರೆಯುವ ಮಟ್ಟಿಗೆ ಸರ್ಕಾರದ ಗಮನವನ್ನು ಕಾನುಗಳ ಕಡೆಗೆ ಸೆಳೆದದ್ದು ಮೆಣಸು, ಮರಮಟ್ಟು, ಅವುಗಳ ಮೇಲೆ ಯಾರ ಹಕ್ಕು ಎಂಬ ಪ್ರಶ್ನೆ. ಇಲ್ಲೂ ದೊಡ್ಡಮ್ಮನ ಅಟ್ಟದ ನಿಯಮವೇ ನಡೆದಿದೆ. ಒಣಗಿಸಿ ಮಾರಬಹುದಾದದ್ದು ಕಡತಕ್ಕೆ ಹತ್ತಿತು. ನಮ್ಮ ಕಾಲದಲ್ಲಿ ಉಪ್ಪಾಗೆಗೂ ಹಾಗೇ ಆಯಿತು. ಅದರ ಸಿಪ್ಪೆಯ ಆಮ್ಲದಿಂದ ಮೈತೂಕ ಇಳಿಯುತ್ತದೆ ಎಂಬ ಸುದ್ದಿ 1990ರ ದಶಕದಲ್ಲಿ ಪರದೇಶಗಳಲ್ಲಿ ಹಬ್ಬಿದ್ದೇ ತಡ, ಅಲ್ಲಿಯವರೆಗೆ ಸಾರಿನ ಹುಳಿಗಷ್ಟೇ ಬೇಕಿದ್ದ ಕಾಯಿಗೆ ದಿಢೀರನೆ ರೇಟು ಬಂತು. ಕಾನಿನ ಅಂಚಿನಲ್ಲಿ ಮಳೆಗೆ ಚಿಗುರುವ ಕುಡಿಗಳನ್ನು ಮಾತ್ರ ಯಾರೂ ಹರಾಜು ಹಾಕಲಿಲ್ಲ. ಅವುಗಳ ಪುಣ್ಯವೋ ಪಾಪವೋ, ಹೇಳುವುದು ಕಷ್ಟ.

ಆ ಕುಡಿಗಳು ಹೋಗಿ ಸೇರುವುದು ತಂಬುಳಿಗೆ. ತಣ್ ಮತ್ತು ಪುಳಿ ಕೂಡಿ ಆದ ಪದ, ತಣ್ಣಗಿನ ಹುಳಿ ಎಂದರ್ಥ. ಮಾಡುವುದು ಸರಳ. ಒಂದು ಹಿಡಿ ಸೊಪ್ಪು ಅಥವಾ ಕುಡಿ, ಅರ್ಧ ಚಮಚ ಜೀರಿಗೆ, ಐದಾರು ಕಾಳುಮೆಣಸು. ತುಪ್ಪದಲ್ಲಿ ಬಾಡಿಸಿ, ತೆಂಗಿನ ತುರಿಯ ಜೊತೆ ನುಣ್ಣಗೆ ಅರೆದು, ಮಜ್ಜಿಗೆಗೆ ಬೆರೆಸಿ ಉಪ್ಪು ಹಾಕಿದರೆ ಮುಗಿಯಿತು. ಒಂದೆಲಗವಾದರೆ ಕೆಲವರು ಬಾಡಿಸದೆ ಹಸಿಯಾಗಿಯೇ ಅರೆಯುತ್ತಾರೆ. ಕುದಿಸುವ ಮಾತೇ ಇಲ್ಲ. ಒಲೆಯಿಂದ ದೂರ ಇಟ್ಟಷ್ಟೂ ಎಲೆಯ ಗುಣ ಉಳಿಯುತ್ತದೆ ಎಂಬುದನ್ನು ಫ್ರಾನ್ಸಿನ ಅಡುಗೆಯವರೂ ಸೊರಬದ ಹೆಂಗಸರೂ ಒಬ್ಬರನ್ನೊಬ್ಬರು ಕಾಣದೆ ಕಂಡುಕೊಂಡಿದ್ದಾರೆ.

ಆ ಶೀಶೆಯನ್ನು ನಾನು ಸುಮ್ಮನೆ ಬಿಡಲಿಲ್ಲ. ಒಂದೆಲಗದ ದಾಯಾದಿ ತಾನೇ, ತಂಬುಳಿಗೆ ಆಗಲಿಕ್ಕಿಲ್ಲವೇ ಎಂದು ದೊಡ್ಡಮ್ಮನ ಅಡುಗೆಮನೆಯಲ್ಲೇ ಪ್ರಯೋಗಕ್ಕಿಳಿದೆ. ಮೊದಲ ಸಲ ಪದ್ಧತಿಯ ಪ್ರಕಾರ ತುಪ್ಪಕ್ಕೆ ಹಾಕಿದೆ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಕಪ್ಪಾಗಿ, ಗೊಣಬೆಗೆ ಬೆಂಕಿ ಬಿದ್ದ ಹಾಗೆ ಒಣಹುಲ್ಲಿನ ವಾಸನೆ ಬಂತು. ಎರಡನೆಯ ಸಲ ಬೆಂಕಿಯನ್ನೇ ಮುಟ್ಟಿಸಲಿಲ್ಲ. ಎರಡು ಚಮಚ ಪುಡಿಯನ್ನು ಗಟ್ಟಿ ಮೊಸರಿನಲ್ಲಿ ಅರ್ಧ ಗಂಟೆ ನೆನೆಹಾಕಿದೆ. ಮೊಸರಿನ ಜಿಡ್ಡು ಅಳಿದುಳಿದ ಪರಿಮಳವನ್ನು ಸ್ವಲ್ಪವಾದರೂ ಎಳೆದುಕೊಳ್ಳುತ್ತದೆ. ಕಳೆದುಹೋದ ವಾಸನೆಯ ಬದಲಿಗೆ ನಾಲ್ಕು ಕಾಳು ಸೋಂಪು ಕುಟ್ಟಿ ಹಾಕಿದೆ, ಆಮೇಲೆ ತೆಂಗಿನಕಾಯಿ ಅರೆದು ಬೆರೆಸಿದೆ. ಒಣ ಚರ್ವಿಲ್ ಕೈಗೆ ಬಂದವರಿಗೆ ನಾನು ಹೇಳಬಹುದಾದದ್ದು ಇಷ್ಟೇ: ಹುರಿಯಬೇಡಿ, ಕುದಿಸಬೇಡಿ, ಹಸಿಯದರ ಲೆಕ್ಕಕ್ಕಿಂತ ಧಾರಾಳವಾಗಿ ಹಾಕಿ, ಮೊಸರೋ ಬೆಣ್ಣೆಯೋ ಜಿಡ್ಡಿನ ವಸ್ತುವಿನಲ್ಲಿ ನೆನೆಸಿ, ಜೊತೆಗೆ ಸೋಂಪು ಇರಲಿ.

ದೊಡ್ಡಮ್ಮ ಒಂದು ಸೌಟು ಅನ್ನಕ್ಕೆ ಹಾಕಿಕೊಂಡು ಉಂಡಳು. "ಹೆಂಗಿದೆ?" ಎಂದೆ. "ಮಜ್ಜಿಗೆ ಚೆನ್ನಾಗಿದೆ" ಎಂದಳು.

ಆ ಮಧ್ಯಾಹ್ನ ಜಗಲಿಯಲ್ಲಿ ಕೂತು, ಅವಳಿಗೆ ತಿಳಿದ ತಂಬುಳಿಯ ಸೊಪ್ಪುಗಳನ್ನೆಲ್ಲ ಹೇಳು, ಬರೆದುಕೊಳ್ಳುತ್ತೇನೆ ಎಂದೆ. ಅವಳಿಗೆ ನಗು. "ಅದನ್ನ ಯಾರು ಬರೀತಾರೆ?" ಎಂದಳು. ಆದರೂ ಶುರುಮಾಡಿದಳು. ಅವಳ ಪಟ್ಟಿ ಅಕ್ಷರದ ಕ್ರಮದಲ್ಲಿಲ್ಲ, ಮಳೆಯ ಕ್ರಮದಲ್ಲಿದೆ. ಮೊದಲ ಮಳೆ ಬಿದ್ದು ಎಂಟು ದಿನಕ್ಕೆ ಚಗಟೆ, ಎರಡೆಲೆ ಇದ್ದಾಗಲೇ ಕೀಳಬೇಕು, ಬಲಿತರೆ ನಾರು. ಆಮೇಲೆ ಎಲವರಿಗೆ. ಗದ್ದೆಯ ಬದುವಿಗೆ ಹೊನಗೊನ್ನೆ. ಬಾವಿಯ ಹತ್ತಿರ ಒಂದೆಲಗ, ಓದುವ ಮಕ್ಕಳಿಗೆ. ಕೆಮ್ಮಿಗೆ ದೊಡ್ಡಪತ್ರೆ. ಹೊಟ್ಟೆ ಕೆಟ್ಟರೆ ದಾಳಿಂಬೆ ಕುಡಿ, ಸೀಬೆ ಕುಡಿ, ನೆಕ್ಕರಿಕೆಯ ಕುಡಿ. ಕೆಂಪು ಬಣ್ಣ ಹೋಗುವ ಮುಂಚೆ ಮುರುಗಲಿನ ಚಿಗುರು. ಹೀಗೆ ಹೇಳುತ್ತ ಹೇಳುತ್ತ ಮೂವತ್ತೊಂದು ಹೆಸರಾಯಿತು.

ಬರೆದದ್ದನ್ನೆಲ್ಲ ಕಣ್ಣಾರೆ ನೋಡಿಬಿಡೋಣ ಎಂದು ಮರುದಿನ ಬೆಳಿಗ್ಗೆ ಹೊರಟೆವು. ಇಪ್ಪತ್ತು ಹಿತ್ತಿಲಲ್ಲಿ, ಬೇಲಿಯಲ್ಲಿ, ಗದ್ದೆಯ ಬದುವಿನಲ್ಲಿ ಸಿಕ್ಕವು. ಏಳು ಕಾನಿನ ಅಂಚಿಗೆ ಹೋದ ಮೇಲೆ ಸಿಕ್ಕವು. ಉಳಿದ ನಾಲ್ಕನ್ನು ದೊಡ್ಡಮ್ಮ ತಾನು ಹುಡುಗಿಯಾಗಿದ್ದಾಗ ಕಿತ್ತ ಜಾಗಕ್ಕೇ ಕರೆದುಕೊಂಡು ಹೋದಳು. ಅಲ್ಲಿ ಶುಂಠಿಯ ಸಾಲು ಎದ್ದಿತ್ತು. ಅದರಾಚೆ ಅಕೇಶಿಯಾ ನೆಡುತೋಪು. ಅಕೇಶಿಯಾದ ಕೆಳಗೆ ಒಣಗಿದ ಎಲೆಯ ದಪ್ಪ ಹಾಸು, ಹಸಿರೆಂಬುದು ಒಂದು ಕಡ್ಡಿಯಿಲ್ಲ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. "ಇಲ್ಲೇ ಇತ್ತು" ಎಂದಳು.

ಶುಂಠಿ ಹಾಕಿದವರನ್ನು ದೂರುವಷ್ಟು ನಾನು ದೊಡ್ಡವನಲ್ಲ. ಶುಂಠಿಗೆ ರೇಟಿದ್ದ ವರ್ಷ ಒಂದು ಮನೆಯ ಸಾಲ ತೀರುತ್ತದೆ, ಮಗಳ ಫೀಸು ಕಟ್ಟಲಾಗುತ್ತದೆ. ಆದರೆ ಒಂದು ಕಾನಿನ ಮರಗಳನ್ನು ಎಣಿಸಿದವರು ಇದ್ದಾರೆ, ಮೆಣಸಿನ ಬಳ್ಳಿಗಳಿಗೆ ಲೆಕ್ಕ ಇಟ್ಟವರು ಇದ್ದಾರೆ, ಹಾಗಾಗಿ ಅವು ಹೋದಾಗ ಹೋಯಿತೆಂದು ಹೇಳಲು ಕಾಗದವಾದರೂ ಉಂಟು. ಆ ನಾಲ್ಕು ಸೊಪ್ಪುಗಳು ಹೋದದ್ದಕ್ಕೆ ಸಾಕ್ಷಿಯಿದ್ದದ್ದು ಎಪ್ಪತ್ತೊಂಬತ್ತು ವರ್ಷದ ಒಬ್ಬ ಹೆಂಗಸಿನ ನಾಲಿಗೆ ಮಾತ್ರ. ಅವುಗಳ ಹೆಸರನ್ನು ಅವಳು ಹೇಳಿದಳು, ರುಚಿಯನ್ನೂ ಹೇಳಿದಳು. ಒಂದು ನಿಂಬೆಯ ಚಿಗುರಿನ ಹಾಗಂತೆ, ಇನ್ನೊಂದು ಹಸಿ ಮಾವಿನ ಸೊನೆಯ ಹಾಗಂತೆ. ಸಸ್ಯಶಾಸ್ತ್ರದ ಪುಸ್ತಕದಲ್ಲಿ ಹುಡು�ಕಲು ಅಷ್ಟು ಸಾಲದು.

ಸಾಹಿತ್ಯ, ಚರಿತ್ರೆ ಓದುವ ಹುಡುಗ ಹುಡುಗಿಯರು ಬಳ್ಳಿಗಾವಿಗೆ ಪ್ರವಾಸ ಹೋಗುತ್ತಾರೆ. ಹೋಗಲೇಬೇಕಾದ ಜಾಗ ಅದು. ಕೇದಾರೇಶ್ವರದ ಅಂಗಳದಲ್ಲಿ ನಿಂತಾಗ, ಶಾಸನದ ವರ್ತಕರ ಪಟ್ಟಿಯ ಜೊತೆಗೆ ಅಲ್ಲಿ ಉಂಡವರ ಎಲೆಯನ್ನೂ ಒಮ್ಮೆ ನೆನೆದುಕೊಳ್ಳಿ. ನಿಮ್ಮ ನಿಮ್ಮ ಊರಿನಲ್ಲಿ ಇಂಥ ದೊಡ್ಡಮ್ಮಂದಿರು ಇದ್ದಾರೆ. ಪುಸ್ತಕ ಹಿಡಿದು ಹೋದರೆ ಅವರು ಮೊದಲು ನಗುತ್ತಾರೆ, ಆಮೇಲೆ ಹೇಳುತ್ತಾರೆ. ಬರೆದ ಹೆಸರಿನಲ್ಲಿ ಸೊಪ್ಪಿನ ಪರಿಮಳ ಇರುವುದಿಲ್ಲ, ಅದು ನನ್ನ ಶೀಶೆಯ ಚರ್ವಿಲ್‌ನ ಹಾಗೇ. ಆದರೆ ಆ ಶೀಶೆಯ ಮೇಲೆ ಹೆಸರಿದ್ದದ್ದರಿಂದಲೇ ನಾನು ಆ ಗಿಡವನ್ನು ಹುಡುಕಿಕೊಂಡು ಸಾವಿರದ ಇನ್ನೂರು ವರ್ಷ ಹಿಂದಕ್ಕೆ ಹೋಗಲು ಸಾಧ್ಯವಾಯಿತು.

ಹೊರಡುವ ಮುಂಚೆ ಪಟ್ಟಿಯನ್ನು ದೊಡ್ಡಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು, ಬೆರಳು ಮಡಚಿ ಎಣಿಸುತ್ತ ಕೇಳಿದಳು. ಮುಗಿದ ಮೇಲೆ, "ಒಂದು ಬಿಟ್ಟಿದೀಯ" ಎಂದಳು. ಯಾವುದು ಎಂದರೆ ನೆನಪಾಗಲಿಲ್ಲ. "ಮುಂದಿನ ಮಳೆಗೆ ಬಾ. ನೋಡಿದ್ರೆ ಹೇಳ್ತೀನಿ." ಖಾಲಿಯಾದ ಚರ್ವಿಲ್ ಶೀಶೆಯನ್ನು ತೊಳೆದು ಒರೆಸಿ, ಅದರ ತುಂಬ ಕಲ್ಲುಹೂವು ತುಂಬಿಸಿ ನನ್ನ ಕೈಗೆ ಕೊಟ್ಟಳು. ಪಟ್ಟಿಯಲ್ಲಿ ಮೂವತ್ತೆರಡನೆಯ ಸಾಲನ್ನು ಖಾಲಿ ಬಿಟ್ಟಿದ್ದೇನೆ.